ಬುಗುರಿ, ಚಾಟಿ ಮತ್ತು ಒಂದು ಹೆಬ್ಬೆರಳು

ಊರಿನ ಪದವಿ ಕಾಲೇಜೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಕೆಲವು ಕಡೆ ಹಿಗ್ಗಿಸಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನು ಬಂದಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಬುಗುರಿ ನೋಡಿ. ಚಾಟಿಯನ್ನು ಪೂರ್ತಿ ಸುತ್ತುವುದಿಲ್ಲ. ಸುಮ್ನೆ ಒಂದೂವರೆ ಸುತ್ತಿಗಿಂತ ಚೂರು ಜಾಸ್ತಿ ಸುತ್ತಿ ಕೈ ಬಿಡುತ್ತೇನೆ. ಸಡಿಲ ಆಗಿಬಿಟ್ಟಿತು, ಅಲ್ವಾ? ಮತ್ತೆ ಸುತ್ತುತ್ತೇನೆ. ಈ ಸಲ ಚಾಟಿ ಒಳಗೆ ಬರುವ ಜಾಗ, ಹೊರಗೆ ಹೋಗುವ ಜಾಗ, ಎರಡೂ ಅಕ್ಕಪಕ್ಕ ಬರುವಲ್ಲಿ ಹೆಬ್ಬೆರಳಿಟ್ಟು ಒತ್ತುತ್ತೇನೆ. ನಿಂತಿತು. ಬುಗುರಿ ಅದೇ, ಚಾಟಿ ಅದೇ, ಹೊಸದಾಗಿ ಬಂದದ್ದು ಬೆರಳು ಒಂದೇ. ಇವತ್ತು ನಾನು ಮಾತಾಡುವುದು ಆ ಬೆರಳಿನ ಬಗ್ಗೆ. ಅದರ ಹೆಸರು ಲಿಂಕರ್ ಹಿಸ್ಟೋನ್. ಲ್ಯಾಬಿನಲ್ಲಿ ನಾವೆಲ್ಲ ಕರೆಯುವುದು ಎಚ್1 ಅಂತ.

ಚಾಟಿ ಅಂದರೆ ಡಿಎನ್‌ಎ. ನಮ್ಮ ಹೆಚ್ಚುಕಡಿಮೆ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಕೂರಬೇಕಾದ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಬುಗುರಿ ಅಂದರೆ ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದು ಉಂಡೆ. ಎಚ್2ಎ, ಎಚ್2ಬಿ, ಎಚ್3, ಎಚ್4, ತಲಾ ಎರಡೆರಡು. ಈ ಉಂಡೆಯ ಮೇಲೆ ಡಿಎನ್‌ಎ ಏಣಿಯ 147 ಮೆಟ್ಟಿಲು ಸುಮಾರು 1.65 ಸುತ್ತು ಸುತ್ತಿಕೊಳ್ಳುತ್ತದೆ. ಇದಕ್ಕೆ ನ್ಯೂಕ್ಲಿಯೋಸೋಮ್ ಅನ್ನುತ್ತೇವೆ. ಒಂದು ಬುಗುರಿಯಿಂದ ಇನ್ನೊಂದಕ್ಕೆ ಹೋಗುವ ಖಾಲಿ ಡಿಎನ್‌ಎ ತುಂಡಿಗೆ ಲಿಂಕರ್ ಅಂತ ಹೆಸರು, ಆ ಜಾಗದಲ್ಲಿ ಕೂರುವುದಕ್ಕೇ ಎಚ್1ಗೆ ಲಿಂಕರ್ ಹಿಸ್ಟೋನ್ ಅನ್ನುವ ಹೆಸರು ಬಂದದ್ದು. ಒಂದು ಕೋಶದಲ್ಲಿ ಇಂಥ ಬುಗುರಿಗಳು ಸುಮಾರು 3 ಕೋಟಿ. ಡಿಎನ್‌ಎ, ಹಿಸ್ಟೋನ್ ಎಲ್ಲ ಸೇರಿದ ಈ ಸಾಮಗ್ರಿಯೇ ಕ್ರೊಮಾಟಿನ್.

ಬುಗುರಿಯ ಹೋಲಿಕೆಯಲ್ಲಿ ಒಂದು ತಿದ್ದುಪಡಿ ಈಗಲೇ ಹೇಳಿಬಿಡುತ್ತೇನೆ. ಬೆರಳು ತೆಗೆದ ಕೂಡಲೇ ನನ್ನ ಚಾಟಿ ಪೂರ್ತಿ ಬಿಚ್ಚಿಕೊಂಡಿತು. ಡಿಎನ್‌ಎ ಹಾಗೆ ಮಾಡುವುದಿಲ್ಲ. ಅದು ಹಿಸ್ಟೋನ್ ಉಂಡೆಗೆ ಚೆನ್ನಾಗಿಯೇ ಅಂಟಿಕೊಂಡಿರುತ್ತದೆ. ಎಚ್1 ಇಲ್ಲದಾಗ ಅದರ ಎರಡು ತುದಿಗಳು ಮಾತ್ರ ಬಿಚ್ಚುತ್ತಾ ಮುಚ್ಚುತ್ತಾ ಉಸಿರಾಡುತ್ತವೆ. ಎಚ್1 ಬಂದು ಕೂತರೆ ಆ ಉಸಿರಾಟ ತಗ್ಗುತ್ತದೆ. ಜೀನಿನ ಕೆಲಸ ಶುರು ಮಾಡಬೇಕಾದ ಪ್ರೋಟೀನುಗಳಿಗೆ ಡಿಎನ್‌ಎ ಸಿಗುವುದು ಆ ತುದಿ ತೆರೆದ ಗಳಿಗೆಯಲ್ಲೇ, ಆದ್ದರಿಂದ ಅಷ್ಟು ಸಣ್ಣ ಚಲನೆಗೂ ಬೆಲೆ ಇದೆ.

ಹಿಸ್ಟೋನ್ ಕಥೆ ಹಳೆಯದು. 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಹೆಬ್ಬಾತಿನ ರಕ್ತದಿಂದ ಈ ಪ್ರೋಟೀನನ್ನು ತೆಗೆದರು. ನಮ್ಮ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುವುದಿಲ್ಲ, ಹಕ್ಕಿಗಳದ್ದರಲ್ಲಿ ಇರುತ್ತದೆ, ಅದಕ್ಕೇ ಹೆಬ್ಬಾತು. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಅದಾಗಿ ಸರಿಯಾಗಿ 90 ವರ್ಷಕ್ಕೆ, 1974ರಲ್ಲಿ, ರೋಜರ್ ಕೋರ್ನ್‌ಬರ್ಗ್ ನ್ಯೂಕ್ಲಿಯೋಸೋಮಿನ ಲೆಕ್ಕವನ್ನು ಮುಂದಿಟ್ಟರು. ಅದೇ ಹೊತ್ತಿಗೆ ಓಲಿನ್ಸ್ ದಂಪತಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ದಾರಕ್ಕೆ ಪೋಣಿಸಿದ ಮಣಿಗಳಂಥ ಚಿತ್ರ ಹಿಡಿದಿದ್ದರು.

ಎಚ್1 ಎಲ್ಲಿ ಕೂತಿದೆ ಅಂತ ಪತ್ತೆಯಾದ ರೀತಿ ನನಗೆ ಬಹಳ ಇಷ್ಟ. ಡಿಎನ್‌ಎಯನ್ನು ಕತ್ತರಿಸುವ ಒಂದು ಎಂಜೈಮು ಇದೆ. ಅದನ್ನು ಕ್ರೊಮಾಟಿನ್ ಮೇಲೆ ಬಿಟ್ಟರೆ ಮೊದಲು ಬುಗುರಿ ಬುಗುರಿಗಳ ಮಧ್ಯದ ಖಾಲಿ ಡಿಎನ್‌ಎಯನ್ನು ತಿನ್ನುತ್ತದೆ. ತಿನ್ನುತ್ತಾ ಬಂದು ಸುಮಾರು 166 ಮೆಟ್ಟಿಲು ಉಳಿದಾಗ ಸ್ವಲ್ಪ ಹೊತ್ತು ತಡೆದು ನಿಲ್ಲುತ್ತದೆ. ಆಮೇಲೆ ಮತ್ತೆ ಶುರು ಮಾಡಿ 146ರ ಆಸುಪಾಸಿಗೆ ಬಂದು ಮತ್ತೆ ನಿಲ್ಲುತ್ತದೆ. 1977ರಲ್ಲಿ ನೋಲ್ ಮತ್ತು ಕೋರ್ನ್‌ಬರ್ಗ್ ತೋರಿಸಿದ್ದು ಏನೆಂದರೆ, ಆ ಮೊದಲನೇ ತಡೆ ದಾಟುವಾಗಲೇ ಎಚ್1 ಕಳಚಿ ಹೋಗುತ್ತದೆ. ಅಂದರೆ ಆಚೆ ಹತ್ತು, ಈಚೆ ಹತ್ತು, ಸುಮಾರು 20 ಮೆಟ್ಟಿಲನ್ನು ಎಚ್1 ಕಾಯುತ್ತಿತ್ತು. ಬೆರಳು ಎಲ್ಲಿ ಒತ್ತಿತ್ತು ಅಂತ ಕಣ್ಣಿಂದ ನೋಡದೆ, ಕತ್ತರಿ ಎಲ್ಲಿ ತಡವರಿಸಿತು ಅನ್ನುವುದರಿಂದ ಹಿಡಿದರು. ಎರಡು ವರ್ಷ ಕಳೆದು ಥೋಮಾ, ಕೊಲ್ಲರ್ ಮತ್ತು ಕ್ಲುಗ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಎಚ್1 ಇರುವ ಕ್ರೊಮಾಟಿನ್ ಅಂಕುಡೊಂಕಾಗಿ ಒತ್ತೊತ್ತಾಗಿ ಕೂತಿತ್ತು, ಎಚ್1 ತೆಗೆದದ್ದು ಕ್ರಮ ತಪ್ಪಿದ ಮಣಿಸರದ ಹಾಗೆ ಹರಡಿಕೊಂಡಿತ್ತು.

ಈ ಪ್ರೋಟೀನಿನ ಮೈಕಟ್ಟು ಸ್ವಲ್ಪ ವಿಚಿತ್ರ. ಮಧ್ಯದಲ್ಲಿ ಸುಮಾರು 80 ಅಮೈನೋ ಆಮ್ಲಗಳ ಒಂದು ಗಟ್ಟಿ ಗುಂಡು. ಮುಂದೆ ಒಂದು ಚಿಕ್ಕ ಬಾಲ. ಹಿಂದೆ ಸುಮಾರು 100 ಅಮೈನೋ ಆಮ್ಲಗಳ ಉದ್ದದ ಬಾಲ, ಅದರ ತುಂಬ ಲೈಸಿನ್ ಅನ್ನುವ ಅಮೈನೋ ಆಮ್ಲ. ಆ ಗುಂಡಿನ ಆಕಾರವನ್ನು ಹರಳು ಮಾಡಿ, ಎಕ್ಸ್‌ರೇ ಹಾಯಿಸಿ 1993ರಲ್ಲಿ ಬಿಡಿಸಿ ತೋರಿಸಿದ್ದು ವೆಂಕಿ ರಾಮಕೃಷ್ಣನ್ ಅವರ ತಂಡ. ಚಿದಂಬರದಲ್ಲಿ ಹುಟ್ಟಿದ, ಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮಿನ ಮೇಲಿನ ಕೆಲಸಕ್ಕೆ 2009ರಲ್ಲಿ ನೊಬೆಲ್ ಪಡೆದ ಅದೇ ರಾಮಕೃಷ್ಣನ್. ಅವರು ನೋಡಿದ್ದು ಕೋಳಿಯ ರಕ್ತಕಣದಲ್ಲಿರುವ ಎಚ್5 ಅನ್ನುವ ಎಚ್1ನ ಹತ್ತಿರದ ನೆಂಟನನ್ನು.

ಉದ್ದದ ಬಾಲಕ್ಕೆ ಮಾತ್ರ ಹರಳಿನಲ್ಲಿ ಹಿಡಿಯುವಂಥ ಆಕಾರವೇ ಇಲ್ಲ. ನೀರಲ್ಲಿ ಬಿಟ್ಟ ನೂಲಿನ ಹಾಗೆ ಆಡುತ್ತಿರುತ್ತದೆ. ಲೈಸಿನ್ನಿನ ಮೇಲೆ ಧನ ಆವೇಶ, ಡಿಎನ್‌ಎಯ ಬೆನ್ನ ತುಂಬ ಋಣ ಆವೇಶ, ಹೀಗಾಗಿ ಬಾಲ ಹೋಗಿ ಲಿಂಕರ್ ಡಿಎನ್‌ಎಗೆ ಹತ್ತಿಕೊಂಡು ಎರಡು ಎಳೆಗಳನ್ನು ಹತ್ತಿರ ತರುತ್ತದೆ. ಆಕಾರ ಇಲ್ಲದ್ದು ಕೆಲಸಕ್ಕೆ ಬಾರದ್ದು ಅಂತ ಬಹಳ ಕಾಲ ಈ ಬಾಲವನ್ನು ಬದಿಗಿಟ್ಟಿದ್ದವರಿದ್ದಾರೆ. ಆದರೆ 2018ರಲ್ಲಿ ಬಂದ ಒಂದು ಕೆಲಸ ನೋಡಿ. ಪ್ರೋಥೈಮೋಸಿನ್ ಆಲ್ಫಾ ಅನ್ನುವ, ಋಣ ಆವೇಶ ತುಂಬಿದ, ಅದೂ ಆಕಾರವಿಲ್ಲದ ಪ್ರೋಟೀನೊಂದು ಎಚ್1 ಜೊತೆ ಬಹಳ ಬಿಗಿಯಾಗಿ ಸೇರಿಕೊಳ್ಳುತ್ತದೆ, ಸೇರಿದ ಮೇಲೂ ಎರಡಕ್ಕೂ ಒಂದು ನಿಶ್ಚಿತ ಆಕಾರ ಬರುವುದಿಲ್ಲ. ಬೀಗ, ಕೀಲಿಕೈ ಅಂತ ನಾವು ಶಾಲೆಯಲ್ಲಿ ಕಲಿತ ಚಿತ್ರಕ್ಕೆ ಇದು ಒಗ್ಗುವುದೇ ಇಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಎಚ್1 ತೆಗೆಯುವುದು ಸುಲಭ, ಮಿಕ್ಕ ಪ್ರೋಟೀನುಗಳಲ್ಲಿ ಹೆಚ್ಚಿನವು 5 ಶೇಕಡಾ ಪರ್ಕ್ಲೋರಿಕ್ ಆಮ್ಲದಲ್ಲಿ ಮೊಸರಿನಂತೆ ಒಡೆದು ಕೆಳಗೆ ಕೂರುತ್ತವೆ, ಎಚ್1 ಕರಗಿ ಮೇಲಿನ ತಿಳಿಯಲ್ಲೇ ಉಳಿಯುತ್ತದೆ. ಹಿಸ್ಟೋನ್‌ಗಳನ್ನು ತೂಕದ ಪ್ರಕಾರ ಬೇರೆ ಮಾಡುವ ಜೆಲ್ಲಿನಲ್ಲಿ ಓಡಿಸಿ ನೀಲಿ ಬಣ್ಣ ಹಾಕಿದರೆ ಕೆಳಗೆ ನಾಲ್ಕು ಹಿಸ್ಟೋನ್‌ಗಳ ಪಟ್ಟೆ, ಅವುಗಳಿಂದ ಸಾಕಷ್ಟು ಮೇಲೆ ಎಚ್1 ಪಟ್ಟೆ. ಅದರ ನಿಜವಾದ ತೂಕ ಸುಮಾರು 21 ಕಿಲೋಡಾಲ್ಟನ್, ಆದರೆ ಆವೇಶ ಜಾಸ್ತಿ ಇರುವುದರಿಂದ ನಿಧಾನಕ್ಕೆ ಓಡಿ 30ಕ್ಕೂ ಮೇಲೆ ನಿಲ್ಲುತ್ತದೆ. ವಿದ್ಯಾರ್ಥಿಯಾಗಿದ್ದಾಗ ಒಂದು ದಿನ ಪ್ರೋಟಿಯೇಸ್ ಅನ್ನುವ, ಪ್ರೋಟೀನನ್ನು ಕತ್ತರಿಸುವ ಎಂಜೈಮನ್ನು ತಡೆಯುವ ಔಷಧಿ ಹಾಕುವುದು ತಪ್ಪಿಹೋಯಿತು. ಬೆಳಿಗ್ಗೆ ಜೆಲ್ ನೋಡಿದರೆ ನಾಲ್ಕು ಪಟ್ಟೆ ಗೆರೆ ಎಳೆದ ಹಾಗಿವೆ, ಎಚ್1 ಇರಬೇಕಾದ ಜಾಗದಲ್ಲಿ ಒರೆಸಿದಂಥ ಮಸುಕು. ಮಿಕ್ಕವು ಉಂಡೆಯೊಳಗೆ ಭದ್ರವಾಗಿದ್ದವು. ಎಚ್1 ಹೊರಗೆ, ಬಾಲ ಬಿಟ್ಟುಕೊಂಡು ಕೂತಿತ್ತು, ಕತ್ತರಿಗೆ ಮೊದಲು ಸಿಕ್ಕಿದ್ದು ಅದೇ. ಈ ಪ್ರೋಟೀನು ಕ್ರೊಮಾಟಿನ್ ಮೇಲೆ ಎಷ್ಟು ಹೊರಮೈಯಲ್ಲಿ, ಎಷ್ಟು ಹಗುರಾಗಿ ಕೂತಿದೆ ಅಂತ ನನಗೆ ಕಣ್ಣಾರೆ ಗೊತ್ತಾದದ್ದು ಅವತ್ತು.

ಇದೇ ಬಾಲದ ಮೇಲೆ ಬೆಂಗಳೂರಿನಲ್ಲಿ ಬಹಳ ಒಳ್ಳೆಯ ಕೆಲಸ ನಡೆದಿದೆ. ಎಂ.ಆರ್.ಎಸ್. ರಾವ್ ಅವರ ಹೆಸರು ಕೇಳಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು, 2023ರಲ್ಲಿ ತೀರಿಕೊಂಡರು. ಎಚ್1 ಒಂದೇ ಅಲ್ಲ, ಮನುಷ್ಯರಲ್ಲಿ 11 ಬಗೆ ಇವೆ, ಅದರಲ್ಲಿ ಎಚ್1ಟಿ ಅನ್ನುವುದು ವೃಷಣದಲ್ಲಿ ಮಾತ್ರ ಇರುವಂಥದ್ದು. ಇಲಿಯ ವೃಷಣದ ಎಚ್1ಟಿಯನ್ನು ಮಾಮೂಲಿ ಎಚ್1ಗಳ ಜೊತೆ ಹೋಲಿಸಿ 1995ರಲ್ಲಿ ರಾವ್ ಅವರ ಲ್ಯಾಬು ತೋರಿಸಿದ್ದು, ಎಚ್1ಟಿ ಕ್ರೊಮಾಟಿನ್ನನ್ನು ಅಷ್ಟಾಗಿ ಬಿಗಿ ಮಾಡುವುದಿಲ್ಲ ಅಂತ. ಆಮೇಲೆ ಬಾಲದಲ್ಲಿ ಸೆರಿನ್, ಪ್ರೋಲಿನ್, ಎರಡು ಲೈಸಿನ್, ಈ ನಾಲ್ಕು ಸಾಲಾಗಿ ಬರುವ ತುಣುಕಿಗೂ ಡಿಎನ್‌ಎ ಬಿಗಿಯಾಗುವುದಕ್ಕೂ ಇರುವ ಸಂಬಂಧವನ್ನು ಹಿಡಿದು ಹೊರಟರು.

ವೃಷಣಕ್ಕೆ ಸಡಿಲ ಬೆರಳು ಯಾಕೆ ಬೇಕು? ಎಚ್1ಟಿ ಕಾಣಿಸಿಕೊಳ್ಳುವುದು ವೀರ್ಯಾಣು ಆಗಲಿರುವ ಕೋಶದಲ್ಲಿ ಅಪ್ಪನ ಕಡೆಯ ಮತ್ತು ಅಮ್ಮನ ಕಡೆಯ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಳ್ಳುವ ಹೊತ್ತಿನಲ್ಲಿ. ಆ ಕೆಲಸಕ್ಕೆ ಡಿಎನ್‌ಎ ಕೈಗೆ ಸಿಗಬೇಕು. ಮುಂದೆ ಇನ್ನೂ ದೊಡ್ಡ ಬದಲಾವಣೆ ಇದೆ. ಹಿಸ್ಟೋನ್‌ಗಳಲ್ಲಿ ಹೆಚ್ಚಿನವು ಜಾಗ ಖಾಲಿ ಮಾಡಿ ಕೊನೆಗೆ ಪ್ರೋಟಮಿನ್ ಅನ್ನುವ ಬೇರೆ ಪ್ರೋಟೀನು ಬಂದು ಎಲ್ಲವನ್ನೂ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಮೊದಲೇ ಬಿಗಿಯಾಗಿದ್ದರೆ ಅಷ್ಟನ್ನೆಲ್ಲ ಬಿಚ್ಚಿ ಕಟ್ಟುವುದು ಕಷ್ಟವಾಗುತ್ತಿತ್ತು ಅಂತ ನನ್ನ ಭಾವನೆ.

ಇಲ್ಲಿ ಹಿಂದಿನ ಸಾಲಿನಲ್ಲಿದ್ದ ಮೇಡಂ ಒಬ್ಬರು ಕೇಳಿದರು: ಪಿಯುಸಿ ಮಕ್ಕಳಿಗೆ 30 ನ್ಯಾನೊಮೀಟರ್ ದಪ್ಪದ ಸುರುಳಿ ಅಂತ ಪಾಠ ಮಾಡುತ್ತೇವಲ್ಲ ಸರ್, ಅದು ನಿಜವಾ?

ಒಳ್ಳೆಯ ಪ್ರಶ್ನೆ, ಮತ್ತು ಉತ್ತರ ಹೇಳಲೇಬೇಕಾದ ಪ್ರಶ್ನೆ. 1976ರಲ್ಲಿ ಫಿಂಚ್ ಮತ್ತು ಕ್ಲುಗ್ ಆ ಸುರುಳಿಯ ಮಾದರಿ ಕೊಟ್ಟರು. ಕೊಳವೆಯಲ್ಲಿ ಶುದ್ಧ ಮಾಡಿದ ಕ್ರೊಮಾಟಿನ್‌ಗೆ ಎಚ್1 ಸೇರಿಸಿದರೆ ಅಂಥ ದಪ್ಪದ ಎಳೆ ಆಗುತ್ತದೆ, 2014ರಲ್ಲಿ ಚೀನಾದ ವಿಜ್ಞಾನಿಗಳು ಅದರ ವಿವರವಾದ ಚಿತ್ರವನ್ನೂ ತೆಗೆದರು. ಆದರೆ ಮನುಷ್ಯರ ಜೀವಕೋಶದ ಒಳಗೇ ಡಿಎನ್‌ಎಗೆ ಬಣ್ಣ ಕಟ್ಟಿ 2017ರಲ್ಲಿ ನೋಡಿದಾಗ ಕಂಡದ್ದು 5ರಿಂದ 24 ನ್ಯಾನೊಮೀಟರ್ ದಪ್ಪದ, ಅಡ್ಡಾದಿಡ್ಡಿ ಬಾಗಿದ ಎಳೆಗಳು. ಕೆಲವು ಕಡೆ ಒತ್ತೊತ್ತಾಗಿ, ಕೆಲವು ಕಡೆ ಬಿಡುಬಿಡಿಯಾಗಿ. ಅಚ್ಚುಕಟ್ಟಾದ ಸುರುಳಿ ಎಲ್ಲೂ ಕಾಣಲಿಲ್ಲ. ಪಠ್ಯದ ಚಿತ್ರ ಬದಲಾಗಬೇಕು, ನಾನು ಸಿಕ್ಕಲ್ಲೆಲ್ಲ ಇದನ್ನು ಹೇಳುತ್ತೇನೆ. ಆ ಒಂದು ಚಿತ್ರದಿಂದಾಗಿ ಮಕ್ಕಳು ಎಚ್1 ಅಂದರೆ ಡಿಎನ್‌ಎಯನ್ನು ಹೆಡೆಮುರಿ ಕಟ್ಟಿ ಇಡುವ ಹಗ್ಗ ಅಂತ ತಿಳಿದುಬಿಡುತ್ತಾರೆ.

ಹಗ್ಗ ಆಗಿದ್ದರೆ ಏನಾಗಬೇಕಿತ್ತು? ಎಚ್1 ತೆಗೆದ ಕೂಡಲೇ ಎಲ್ಲ ಜೀನುಗಳೂ ಒಟ್ಟಿಗೆ ಕೂಗಬೇಕಿತ್ತು. ನೋಡಿದವರಿದ್ದಾರೆ. ಟೆಟ್ರಾಹೈಮಿನಾ ಅನ್ನುವ ನೀರಿನ ಏಕಕೋಶ ಜೀವಿಯಲ್ಲಿ ಗೊರೋವ್ಸ್ಕಿ ಅವರ ಲ್ಯಾಬು 1995ರಲ್ಲಿ ಎಚ್1 ಜೀನನ್ನು ತೆಗೆದುಹಾಕಿತು. ಅದು ಸಾಯಲಿಲ್ಲ. ಕೋಶಕೇಂದ್ರ ಉಬ್ಬಿತು, ಅಷ್ಟೇ. ಮರುವರ್ಷ ಜೀನುಗಳನ್ನು ಒಂದೊಂದಾಗಿ ನೋಡಿದಾಗ ಒಟ್ಟಾರೆ ಕೆಲಸದಲ್ಲಿ ವ್ಯತ್ಯಾಸ ಇರಲಿಲ್ಲ. ಕೆಲವೇ ಜೀನುಗಳು ಬದಲಾಗಿದ್ದವು, ಅದರಲ್ಲೂ ಒಂದು ಏರಿದರೆ ಇನ್ನೊಂದು ಇಳಿದಿತ್ತು.

ಹಾಗಾದರೆ ಎಚ್1 ಇಲ್ಲದಿದ್ದರೂ ನಡೆಯುತ್ತಾ? ಇಲಿಮರಿಯನ್ನು ಕೇಳಬೇಕು. ನ್ಯೂಯಾರ್ಕಿನ ಆರ್ಥರ್ ಸ್ಕೌಲ್ಚಿ ಅವರ ಲ್ಯಾಬು ಇಲಿಯಲ್ಲಿ ಒಂದು ಬಗೆಯ ಎಚ್1 ತೆಗೆದರೆ ಮಿಕ್ಕ ಬಗೆಗಳು ಜಾಸ್ತಿಯಾಗಿ ಆ ಜಾಗ ತುಂಬಿಬಿಟ್ಟವು, ಇಲಿಗೆ ಏನೂ ಆಗಲಿಲ್ಲ. 2003ರಲ್ಲಿ ಮೂರು ಬಗೆಯನ್ನು ಒಟ್ಟಿಗೆ ತೆಗೆದರು. ಎಚ್1 ಸುಮಾರು ಅರ್ಧಕ್ಕೆ ಇಳಿಯಿತು. ಮರಿಗಳು ಗರ್ಭದ ನಡುಹಂತದಲ್ಲೇ ಸತ್ತವು. ಅಂಥ ಭ್ರೂಣದಿಂದ ತೆಗೆದ, ಬೇರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಕಾಂಡಕೋಶಗಳು ಮಾತ್ರ ತಟ್ಟೆಯಲ್ಲಿ ಬೆಳೆದವು, ಅವುಗಳಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಏರುಪೇರಾದ ಜೀನುಗಳು ಬರೀ 29. ಅದರಲ್ಲಿ ಎಷ್ಟೋ ಅಪ್ಪನಿಂದ ಬಂದ ಪ್ರತಿಯೋ ಅಮ್ಮನಿಂದ ಬಂದದ್ದೋ ಅಂತ ಗುರುತಿಟ್ಟುಕೊಂಡು ನಡೆಯುವ ಜೀನುಗಳು. ಇನ್ನೊಂದು ಸಂಗತಿಯೂ ಕಂಡಿತು. ಬುಗುರಿಯಿಂದ ಬುಗುರಿಗೆ ಇರುವ ದೂರ ಸುಮಾರು 15 ಮೆಟ್ಟಿಲು ಕಡಿಮೆಯಾಗಿತ್ತು. ಬೆರಳು ಕಡಿಮೆಯಾದಾಗ ಕೋಶವೇ ಖಾಲಿ ದಾರವನ್ನು ಮೊಟಕು ಮಾಡಿ ಆವೇಶದ ಲೆಕ್ಕ ಸರಿದೂಗಿಸಿಕೊಂಡ ಹಾಗೆ. ಸುಮ್ಮನೆ ತಟ್ಟೆಯಲ್ಲಿ ಬದುಕಿರುವುದಕ್ಕೆ ಅರ್ಧ ಎಚ್1 ಸಾಕು. ಒಂದು ಕೋಶದಿಂದ ಹೃದಯ, ಪಿತ್ತಜನಕಾಂಗ, ಮೆದುಳು ಅಂತ ಬೇರೆ ಬೇರೆ ಮಾಡಿಕೊಳ್ಳುವುದಕ್ಕೆ ಸಾಕಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಯೋಗ ನಡೆದದ್ದು 2000ನೇ ಇಸವಿಯಲ್ಲಿ. ಎರಡು ತಂಡಗಳು ಎಚ್1ಗೆ ಹಸಿರಾಗಿ ಹೊಳೆಯುವ ಪ್ರೋಟೀನು ಜೋಡಿಸಿ, ಬದುಕಿರುವ ಕೋಶದ ಕೋಶಕೇಂದ್ರದಲ್ಲಿ ಒಂದು ಚುಕ್ಕೆಯಷ್ಟು ಜಾಗದ ಹೊಳಪನ್ನು ಲೇಸರಿನಿಂದ ಸುಟ್ಟು ಕಪ್ಪು ಮಾಡಿದರು. ಆಮೇಲೆ ಕಾಯುತ್ತಾ ಕೂತರು. ಎಚ್1 ಅಂಟಿಕೊಂಡೇ ಇದ್ದರೆ ಆ ಕಪ್ಪು ಹಾಗೇ ಉಳಿಯಬೇಕು. ಉಳಿಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಸುತ್ತಲಿನ ಹೊಳೆಯುವ ಎಚ್1ಗಳು ಬಂದು ಜಾಗ ತುಂಬಿ ಕಪ್ಪು ಚುಕ್ಕೆ ಮಾಯವಾಯಿತು. ಉಂಡೆಯೊಳಗಿನ ಹಿಸ್ಟೋನ್‌ಗಳಿಗೆ ಇದೇ ಮಾಡಿದರೆ ಗಂಟೆಗಟ್ಟಲೆ ಕಾಯಬೇಕು. ಅಂದರೆ ಒಂದೊಂದು ಎಚ್1 ಕೂಡ ಒಂದು ಬುಗುರಿಯ ಮೇಲೆ ಕೆಲವು ನಿಮಿಷ ಕೂತು, ಎದ್ದು, ಇನ್ನೊಂದರ ಮೇಲೆ ಹೋಗಿ ಕೂರುತ್ತದೆ. ಹೆಬ್ಬೆರಳು ಎತ್ತುತ್ತದೆ, ಮತ್ತೆ ಒತ್ತುತ್ತದೆ. ಯಾವಾಗ ನೋಡಿದರೂ ಹೆಚ್ಚಿನ ಬುಗುರಿಗಳ ಮೇಲೆ ಒಂದು ಬೆರಳು ಇದ್ದೇ ಇರುತ್ತದೆ, ಆದರೆ ಅದೇ ಬೆರಳು ಇರುವುದಿಲ್ಲ.

ಜೀನುಗಳ ಹತೋಟಿ ಇರುವುದೇ ಈ ಎತ್ತಿದ ಗಳಿಗೆಯಲ್ಲಿ. ಆಗ ಯಾರು ಬಂದು ಕೂರುತ್ತಾರೆ ಅನ್ನುವುದರ ಮೇಲೆ ಮುಂದಿನದ್ದು ನಿಂತಿದೆ. ಪಿತ್ತಜನಕಾಂಗದಲ್ಲಿ ಫಾಕ್ಸ್ಎ ಅನ್ನುವ ಪ್ರೋಟೀನು ಇದೆ. ಅದರ ಡಿಎನ್‌ಎ ಹಿಡಿಯುವ ಭಾಗ ನೋಡಲು ಎಚ್1ನ ಗುಂಡಿನ ಥರವೇ, ಮಡಿಕೆ ಕೂಡ ಅದೇ. ಆದರೆ ಅದಕ್ಕೆ ಬಿಗಿ ಮಾಡುವ ಲೈಸಿನ್ ಬಾಲ ಇಲ್ಲ. ಆಲ್ಬುಮಿನ್ ಜೀನಿನ ಹತ್ತಿರ ಎಚ್1 ಕೂರಬೇಕಾದಲ್ಲಿ ಇದು ಬಂದು ಕೂತು ಕ್ರೊಮಾಟಿನ್ನನ್ನು ತೆರೆದು, ಮಿಕ್ಕವರಿಗೆ ದಾರಿ ಮಾಡಿಕೊಡುತ್ತದೆ. ಎಚ್ಎಂಜಿ ಪ್ರೋಟೀನುಗಳು, ಪಾರ್ಪ್1, ಇವೂ ಎಚ್1 ಜೊತೆ ಜಾಗಕ್ಕೆ ಪೈಪೋಟಿ ಮಾಡುವಂಥವೇ. ಬೆರಳಿನ ಹಿಡಿತವನ್ನೇ ಸಡಿಲ ಮಾಡುವ ದಾರಿಯೂ ಇದೆ. 2014ರಲ್ಲಿ ಇಲಿಯ ಕಾಂಡಕೋಶಗಳಲ್ಲಿ ತೋರಿಸಿದ ಹಾಗೆ, ಪ್ಯಾಡಿ4 ಅನ್ನುವ ಎಂಜೈಮು ಎಚ್1ನ ಗುಂಡಿನ ಅರ್ಜಿನಿನ್ ಅನ್ನುವ ಒಂದೇ ಒಂದು ಅಮೈನೋ ಆಮ್ಲವನ್ನು ಸಿಟ್ರುಲಿನ್ ಆಗಿ ಬದಲಾಯಿಸಿ ಅದರ ಧನ ಆವೇಶ ತೆಗೆದುಬಿಡುತ್ತದೆ. ಅಷ್ಟಕ್ಕೇ ಎಚ್1 ಕಳಚುತ್ತದೆ, ಕ್ರೊಮಾಟಿನ್ ಸಡಿಲವಾಗುತ್ತದೆ. ಕೋಶ ಎರಡಾಗುವ ಮುಂಚೆ ಎಚ್1ನ ಬಾಲಕ್ಕೆ ಫಾಸ್ಫೇಟ್ ಸಾಲಾಗಿ ಸೇರುತ್ತದೆ, ಇದು ಎಷ್ಟು ಖಚಿತ ಅಂದರೆ ಕೋಶ ವಿಭಜನೆಯ ಎಂಜೈಮು ಎಷ್ಟು ಚುರುಕಾಗಿದೆ ಅಂತ ಅಳೆಯಲು ಲ್ಯಾಬುಗಳಲ್ಲಿ ಎಚ್1 ಅನ್ನೇ ಒಡ್ಡುತ್ತಿದ್ದರು.

ಒಂದೇ ಜೀನಿನ ಮೇಲೆ ಇದನ್ನು ನೋಡಬೇಕು ಅಂದರೆ ಆಫ್ರಿಕಾದ ಕ್ಸೆನೋಪಸ್ ಕಪ್ಪೆ. ಅದರಲ್ಲಿ ರೈಬೋಸೋಮಿಗೆ ಬೇಕಾದ 5ಎಸ್ ಆರ್‌ಎನ್‌ಎ ತಯಾರಿಸುವ ಜೀನುಗಳು ಎರಡು ಥರ. ಒಂದು ಮೊಟ್ಟೆಗೆ, ಇನ್ನೊಂದು ಮೈಯ ಕೋಶಗಳಿಗೆ. ಶುರುವಿನಲ್ಲಿ ಭ್ರೂಣಕ್ಕೆ ಅಮ್ಮ ಕೊಟ್ಟ ಬಿ4 ಅನ್ನುವ ಸಡಿಲ ಜಾತಿಯ ಲಿಂಕರ್ ಹಿಸ್ಟೋನ್ ಇರುತ್ತದೆ. ಬೆಳೆಯುತ್ತಾ ಮಾಮೂಲಿ ಎಚ್1 ಬಂದು ಸೇರುತ್ತದೆ, ಆಗ ಮೊಟ್ಟೆಯ ಜೀನುಗಳು ಬಾಯಿ ಮುಚ್ಚುತ್ತವೆ. ವೂಲ್ಫ್ ಅವರ ತಂಡ 1994ರಲ್ಲಿ ಎಚ್1 ತಯಾರಾಗದ ಹಾಗೆ ತಡೆದಾಗ ಮೊಟ್ಟೆಯ ಜೀನುಗಳು ಜೋರಾಗಿಯೇ ಉಳಿದವು, ಮೈಕೋಶದ ಜೀನುಗಳಿಗೆ ಏನೂ ಆಗಲಿಲ್ಲ. ಎಚ್1 ಆಯ್ದು ಒತ್ತುತ್ತದೆ ಅನ್ನುವುದಕ್ಕೆ ಇಷ್ಟು ನೇರವಾದ ಸಾಕ್ಷಿ ನನಗೆ ಇನ್ನೊಂದು ಸಿಕ್ಕಿಲ್ಲ.

ಇದು ಬರೀ ಕಪ್ಪೆ, ಇಲಿಗಳ ವಿಷಯವಾಗಿ ಉಳಿದಿಲ್ಲ. ಎಚ್1.4 ಬಗೆಯ ಜೀನಿನಲ್ಲಿ ಬಾಲದ ಓದು ತಪ್ಪಿಹೋಗುವಂಥ ಬದಲಾವಣೆ ಹುಟ್ಟುತ್ತಲೇ ಬಂದರೆ ಮಗುವಿನ ಬುದ್ಧಿಯ ಬೆಳವಣಿಗೆಗೆ ತೊಂದರೆಯಾಗುತ್ತದೆ. 2017ರಲ್ಲಿ ವಿವರಿಸಿದ ಈ ಸ್ಥಿತಿಗೆ ರಹಮಾನ್ ಸಿಂಡ್ರೋಮ್ ಅನ್ನುತ್ತಾರೆ. ಬಹಳ ಅಪರೂಪ. ಎಷ್ಟೋ ಅಪ್ಪ ಅಮ್ಮಂದಿರಿಗೆ ಯಾಕೆ ಹೀಗಾಯಿತು ಅನ್ನುವ ಪ್ರಶ್ನೆಗೆ ಒಂದು ಹೆಸರಾದರೂ ಸಿಗುವುದು ದೊಡ್ಡ ವಿಷಯ, ಅದಕ್ಕೇ ಇಂಥ ಸಂಶೋಧನೆಗೆ ನಾನು ತಲೆಬಾಗುತ್ತೇನೆ.

ಇನ್ನೊಂದು ಲಿಂಫೋಮಾ. ರೋಗದ ವಿರುದ್ಧ ಹೋರಾಡುವ ಬಿ ಕೋಶಗಳ ಈ ಕ್ಯಾನ್ಸರಿನಲ್ಲಿ ಎಚ್1 ಜೀನುಗಳ ಮ್ಯುಟೇಶನ್ ಮತ್ತೆ ಮತ್ತೆ ಸಿಗುತ್ತಿತ್ತು. ಅದು ಕಾರಣವೋ, ಕ್ಯಾನ್ಸರ್ ಬಂದ ಮೇಲೆ ಸುಮ್ನೆ ಜೊತೆಗೆ ಬಂದದ್ದೋ ಅಂತ ವರ್ಷಗಟ್ಟಲೆ ಅನುಮಾನ ಇತ್ತು. 2021ರಲ್ಲಿ ಉತ್ತರ ಸಿಕ್ಕಿತು. ಇಲಿಯಲ್ಲಿ ಎರಡು ಬಗೆಯ ಎಚ್1 ತೆಗೆದಾಗ ಬಿಗಿಯಾಗಿ ಮುಚ್ಚಿದ್ದ ಕ್ರೊಮಾಟಿನ್ ಭಾಗಗಳು ತೆರೆದುಕೊಂಡವು, ಭ್ರೂಣದ ಕಾಲದಲ್ಲಿ ಕೆಲಸ ಮುಗಿಸಿ ಮಲಗಿದ್ದ ಜೀನುಗಳು ಎದ್ದವು, ಬಿ ಕೋಶಗಳಿಗೆ ಕಾಂಡಕೋಶದ ಗುಣ ಬಂತು, ಲಿಂಫೋಮಾ ಜೋರಾಯಿತು. ಎರಡು ಬಗೆ ಹೋದಾಗ ಉಳಿದವು ಇಲ್ಲಿ ಜಾಗ ತುಂಬಿ ಕಾಪಾಡಲಿಲ್ಲ. ಬೆರಳುಗಳ ಲೆಕ್ಕ ತಪ್ಪಿದರೆ ಕೋಶ ತಾನು ಯಾರು ಅನ್ನುವುದನ್ನೇ ಮರೆಯುತ್ತದೆ.

ಗಿಡಗಳಲ್ಲೂ ಎಚ್1 ಇದೆಯಾ ಅಂತ ಕೃಷಿ ಓದುವ ಹುಡುಗನೊಬ್ಬ ಕೇಳಿದ. ಇದೆ. ಅರಾಬಿಡೋಪ್ಸಿಸ್ ಅನ್ನುವ ಪುಟ್ಟ ಸಾಸಿವೆ ಜಾತಿಯ ಗಿಡದಲ್ಲಿ ಮೂರು ಬಗೆ ಇವೆ, ಅದರಲ್ಲಿ ಎಚ್1.3 ನೀರು ಕಡಿಮೆಯಾದಾಗ ಏರುತ್ತದೆ. ಬರದ ಜೊತೆ ಇದಕ್ಕಿರುವ ಸಂಬಂಧವನ್ನು ನಮ್ಮ ಬೆಳೆಗಳಲ್ಲಿ ಯಾರಾದರೂ ಹಿಡಿದು ಕೂರಬೇಕು, ನೀನೇ ಯಾಕೆ ಆಗಬಾರದು ಅಂದೆ.

ಕೊನೆಯ ಪ್ರಶ್ನೆ ಮುಂದಿನ ಸಾಲಿನ ಹುಡುಗಿಯದು. ಬುಗುರಿಯನ್ನು ಕೈಗೆ ತೆಗೆದುಕೊಂಡು, ಚಾಟಿ ಸುತ್ತಿ, ಹೆಬ್ಬೆರಳು ಒತ್ತಿ ಹಿಡಿದು ಕೇಳಿದಳು: ಸರ್, ಎತ್ತದೇ ಹೀಗೇ ಹಿಡಿದುಕೊಂಡೇ ಇದ್ದರೆ?

ಅಂಥ ಕೋಶವೂ ಇದೆ. ಕೋಳಿಯ ಕೆಂಪು ರಕ್ತಕಣ ಬಲಿಯುವಾಗ ಅದರಲ್ಲಿ ಎಚ್5 ತುಂಬುತ್ತಾ ಹೋಗುತ್ತದೆ. ಇದರ ಹಿಡಿತ ಎಚ್1ಗಿಂತ ಬಿಗಿ. ಲೆಕ್ಕ ಹಾಕಿದರೆ ಒಂದು ಬುಗುರಿಗೆ ಒಂದಕ್ಕಿಂತ ಜಾಸ್ತಿ ಬೆರಳು ಬೀಳುತ್ತದೆ. ಕೋಶಕೇಂದ್ರ ಮುದುಡಿ ಚಿಕ್ಕದಾಗುತ್ತದೆ, ಜೀನುಗಳ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಡಿಎನ್‌ಎ ಪೂರ್ತಿ ಅಲ್ಲೇ ಇದೆ, ಓದುವವರಿಲ್ಲ. ಆಮೇಲೆ ಅದು ಮಾಡುವುದು ಆಕ್ಸಿಜನ್ ಹೊರುವ ಕೆಲಸ ಒಂದೇ. ಶುರುವಿನಲ್ಲಿ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, 1884ರಲ್ಲಿ ಕೊಸೆಲ್ ಹೆಬ್ಬಾತಿನ ರಕ್ತ ಬಗ್ಗಿಸಿಕೊಂಡು ಹಿಸ್ಟೋನ್ ತೆಗೆದದ್ದು ಅಂಥದೇ ಕೋಶಗಳಿಂದ.